ವಸೂಲಿ ಟೀಮಿಗೆ ಲೀಡರ್ ಆದ ತಂಗಿಗೆ ಒಂದು ಉತ್ತರ

(ಈ ವಾರದ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಗೆ ಕಾರಣ ಒಂದು ವಾಯ್ಸ್ ಮೆಸೇಜ್. ಖಾನಾಪುರ ತಾಲ್ಲೂಕಿನ ಒಬ್ಬ ತಂಗಿ ಕಳಿಸಿದ್ದು. ಬಿ.ಕಾಂ. ಮುಗಿಸಿ ಒಂದು ಮೈಕ್ರೋಫೈನಾನ್ಸ್ ಕಂಪನಿಯಲ್ಲಿ ಫೀಲ್ಡ್ ಕೆಲಸಕ್ಕೆ ಸೇರಿದ್ದಾಳೆ. ಈಗ ಪ್ರಮೋಶನ್ ಸಿಕ್ಕು ಆರು ಮಂದಿಯ ಟೀಮಿಗೆ ಲೀಡರ್ ಆಗಿದ್ದಾಳೆ. ‘ಅಣ್ಣಾ, ಒಳ್ಳೆ ಲೀಡರ್ ಆಗೋದು ಹ್ಯಾಂಗ? ಮ್ಯಾನೇಜರ್ರು ಕಂತು ಬರೋತನಕ ಮನಿ ಬಾಗಿಲ ಬಿಟ್ಟು ಏಳಬ್ಯಾಡ್ರಿ ಅಂತಾರ. ನನ್ನ ಹುಡುಗ್ರಿಗೆ ಅದನ್ನ ನಾನು ಹೇಳಬೇಕಾ?’ ಇಷ್ಟೇ ಪ್ರಶ್ನೆ.

ಲೀಡರ್‌ಶಿಪ್ ಬಗ್ಗೆ ರೀಲ್ಸ್ ನೋಡಿದರೆ ಬೆಳಿಗ್ಗೆ ಐದಕ್ಕೆ ಏಳ್ರಿ, ಕಾನ್ಫಿಡೆನ್ಸ್ ಬೆಳೆಸ್ಕೊಳ್ರಿ ಅಂತಾರೆ. ಈ ತಂಗಿಯ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ. ಇದು ಧೈರ್ಯದ ಪ್ರಶ್ನೆಗಿಂತ ಮೊದಲು ನೀತಿಯ ಪ್ರಶ್ನೆ. ಹಾಗಾಗಿ ನಾನು ನಮ್ಮ ಬೆಳಗಾವಿಯಲ್ಲೇ ಹುಡುಕಿದೆ.

ಟಿಳಕವಾಡಿ ಕಡೆ ಓಡಾಡೋರು ಕಾಂಗ್ರೆಸ್ ಬಾವಿ ನೋಡಿರ್ತೀರಿ. ಅದರ ಹತ್ತಿರವೇ ವೀರಸೌಧ. 1924ರ ಡಿಸೆಂಬರ್ 26 ಮತ್ತು 27ರಂದು ಅಲ್ಲಿ ಕಾಂಗ್ರೆಸ್ಸಿನ 39ನೇ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಇಡೀ ಜೀವನದಲ್ಲಿ ಅದೊಂದೇ ಅಧಿವೇಶನಕ್ಕೆ. ಬಂದವರಿಗೆ ನೀರು ಬೇಕಲ್ಲ, ಅದಕ್ಕೆ ಬಾವಿ ತೋಡಿಸಿದರು. ಖರ್ಚು 4,370 ರೂಪಾಯಿ 3 ಆಣೆ. ಆ 3 ಆಣೆ ನೋಡ್ರಿ. ಕಾಮರ್ಸ್ ಓದಿದ ನನ್ನಂಥವನಿಗೆ ಭಾಷಣಕ್ಕಿಂತ ಅದೇ ಹೆಚ್ಚು ಹಿಡಿಸ್ತದೆ. ಸಾವಿರಗಳ ಲೆಕ್ಕದಲ್ಲಿ ಆಣೆಯನ್ನೂ ಬಿಡದೆ ಬರೆದಿಟ್ಟಿದ್ದಾರೆ ಅಂದರೆ, ನಾಳೆ ಯಾರಾದರೂ ಕೇಳಬಹುದು, ಕೇಳಿದರೆ ತೋರಿಸಬೇಕು ಅನ್ನೋ ಎಚ್ಚರ ಇತ್ತು ಅಂತ ಅರ್ಥ.

ಎಲ್ಲಾ ವ್ಯವಸ್ಥೆ ಹೊತ್ತವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಅಧ್ಯಕ್ಷರಿಗೆ ಅಂತ ಬಿದಿರು, ಹುಲ್ಲು, ಖಾದಿಯ ಕುಟೀರ ಕಟ್ಟಿಸಿದ್ದರು. ಅದಕ್ಕೆ 350 ರೂಪಾಯಿ. ಗಾಂಧೀಜಿಗೆ ಅದೂ ಜಾಸ್ತಿ ಅನ್ನಿಸಿತು. ಗುಡಿಸಲು ಅಂತ ಹೇಳಿ ಖಾದಿ ಅರಮನೆ ಕಟ್ಟಿದಿರಿ ಅನ್ನೋ ಅರ್ಥದಲ್ಲಿ ಆಮೇಲೆ ತಮ್ಮ ಪತ್ರಿಕೆಯಲ್ಲೇ ಬರೆದರು. ಪ್ರತಿನಿಧಿಗಳ ಶುಲ್ಕ 10 ರೂಪಾಯಿಯಿಂದ 1 ರೂಪಾಯಿಗೆ ಇಳಿಯಬೇಕು ಅಂದರು. ಪ್ರೀತಿಯಿಂದ ಕಟ್ಟಿಸಿದವರಿಗೆ ಸ್ವಲ್ಪ ಬೇಜಾರಾಗಿರಲೂಬಹುದು, ನನಗಾದರೆ ಆಗ್ತಿತ್ತು. ಆದರೆ ಖರ್ಚಿನ ಪ್ರಶ್ನೆಯನ್ನ ಅವರು ಶುರು ಮಾಡಿದ್ದು ತಮ್ಮ ಸೂರಿನಿಂದ.

ಇನ್ನೊಂದು ವಿಷಯ ನೂಲಿನದು. ಕಾಂಗ್ರೆಸ್ ಸದಸ್ಯತ್ವಕ್ಕೆ ಆಗ ವರ್ಷಕ್ಕೆ 4 ಆಣೆ ಕೊಟ್ಟರೆ ಸಾಕಿತ್ತು. ಬೆಳಗಾವಿಯಲ್ಲಿ ಅದನ್ನ ಬದಲಿಸಿ, ತಿಂಗಳಿಗೆ 2,000 ಗಜ ನೂಲು ಕೊಡಬೇಕು ಅಂತ ಮಾಡಿದರು. 2,000 ಗಜ ಅಂದರೆ ಹತ್ತಿರ ಹತ್ತಿರ 1.8 ಕಿಲೋಮೀಟರ್ ಉದ್ದದ ದಾರ, ಪ್ರತಿ ತಿಂಗಳು. ತಾನೇ ನೂಲಬೇಕು, ಆಗದಿದ್ದರೆ ಬೇರೆಯವರಿಂದ ನೂಲಿಸಿ ಕೊಡಬೇಕು. ವಕೀಲರು, ಜಮೀನ್ದಾರರು ತುಂಬಿದ್ದ ಪಕ್ಷಕ್ಕೆ ಇದು ಸಣ್ಣ ಮಾತಲ್ಲ. ಹೇಳಿದವರು ಮಾತ್ರ ದಿನಾ ರಾಟೆ ಮುಂದೆ ಕೂತು ನೂಲ್ತಿದ್ದರು. ಹಾಗಾಗಿ ‘ನೀವು ಮಾಡ್ತೀರೇನು?’ ಅಂತ ಕೇಳೋಕೆ ಯಾರಿಗೂ ಜಾಗ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಿಹಿಯಾಗಿ ಮುಗೀತದೆ. ಆದರೆ ಆ ನಿಯಮ ನಡೀಲಿಲ್ಲ. ಒಂದು ವರ್ಷ ತುಂಬೋದರೊಳಗೆ, 1925ರ ಸೆಪ್ಟೆಂಬರ್‌ನಲ್ಲಿ ಪಾಟ್ನಾದಲ್ಲಿ ಸಭೆ ಸೇರಿ, ನೂಲು ಬೇಕಾದರೆ ನೂಲು, ಇಲ್ಲವಾದರೆ 4 ಆಣೆ ಅಂತ ಬದಲಿಸಿದರು. ನಾಯಕ ತಾನು ಮಾಡ್ತಾನೆ ಅಂದ ಮಾತ್ರಕ್ಕೆ ಎಲ್ಲರೂ ಮಾಡ್ತಾರೆ ಅಂತಿಲ್ಲ. ನಡೀದ ನಿಯಮವನ್ನ ಹಟಕ್ಕೆ ಬಿದ್ದು ಮಂದಿ ಮೇಲೆ ಹೇರಲಿಲ್ಲ ಅನ್ನೋದೂ ಅಷ್ಟೇ ಮುಖ್ಯ. ಅಧಿವೇಶನಕ್ಕೆ ಮೊದಲು ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಜೊತೆ ಮಾಡಿಕೊಂಡ ಒಪ್ಪಂದದಲ್ಲೂ ಇದನ್ನೇ ಕಾಣ್ತೀವಿ. ಶಾಸನಸಭೆಗೆ ಹೋಗೋದು ಗಾಂಧೀಜಿಗೆ ಇಷ್ಟ ಇರಲಿಲ್ಲ. ಆದರೂ ಸ್ವರಾಜ್ಯ ಪಕ್ಷದವರಿಗೆ ಕಾಂಗ್ರೆಸ್ ಹೆಸರಿನಲ್ಲೇ ಆ ಕೆಲಸ ಮಾಡಲು ಬಿಟ್ಟುಕೊಟ್ಟರು, ಪಕ್ಷ ಒಡೆಯಬಾರದು ಅಂತ.

ಈಗ ಖಾನಾಪುರಕ್ಕೆ ಬರೋಣ. ಬೀಡಿ, ಇಟಗಿ, ನಂದಗಡ ಕಡೆ ಮೈಕ್ರೋಫೈನಾನ್ಸ್ ಹೇಗೆ ನಡೀತದೆ ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ, ಸಿಟಿಯವರಿಗೆ ಹೇಳ್ತೀನಿ. ಅಡವು ಇಲ್ಲದ ಸಾಲ. ನಾಲ್ಕೈದು ಹೆಣ್ಣುಮಕ್ಕಳು ಗುಂಪಾಗಿ ಒಬ್ಬರಿಗೊಬ್ಬರು ಜಾಮೀನು. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಇದರಲ್ಲಿ ಒಳ್ಳೆಯದೂ ಐತಿ, ಬ್ಯಾಂಕು ಹತ್ತಿರ ಸೇರಿಸದವರಿಗೆ ಸಾಲ ಸಿಗ್ತದೆ. ಆದರೆ ಟಾರ್ಗೆಟ್ ಬೆನ್ನಟ್ಟಿದ ಲೀಡರ್ ಕೈಯಲ್ಲಿ ಅದೇ ಗುಂಪು ಬಡಿಗೆ ಆಗ್ತದೆ. ‘ಆಕಿ ಕೊಡೋತನಕ ನೀವ್ಯಾರೂ ಮನಿಗೆ ಹೋಗಂಗಿಲ್ಲ’ ಅಂದರೆ ಸಾಕು, ನೆರೆಮನೆಯವಳೇ ವಸೂಲಿದಾರಳು. ಕಂಪನಿಯವರು ಕೈ ಎತ್ತೋದೇ ಬೇಡ, ಬೈಯೋದೂ ಬೇಡ.

ತಂಗೀ, ಮೊದಲು ಕಾನೂನು ತಿಳ್ಕೋ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವಸೂಲಿಗಾಗಿ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಸಂಬಂಧಿಕರನ್ನ ಕಾಡುವಂತಿಲ್ಲ. ಸಾಲಗಾರರ ಹೆಸರು ಎಲ್ಲರೆದುರು ಹಾಕುವಂತಿಲ್ಲ. ಕಿರುಕುಳ ಕೊಟ್ಟು ವಸೂಲಿ ಮಾಡೋದನ್ನ ತಡೆಯೋಕೆ ರಾಜ್ಯ ಸರ್ಕಾರವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬಾಯಿಮಾತಿನ ಆದೇಶ ಕೊಟ್ಟ ಮ್ಯಾನೇಜರ್ ಕಾಗದದಲ್ಲಿ ಇರೋದಿಲ್ಲ. ಬಾಗಿಲಲ್ಲಿ ನಿಂತ ನಿನ್ನ ಹುಡುಗ ಇರ್ತಾನೆ. ಅದಕ್ಕೇ, ಆ ಮಾತನ್ನ ಮೆಸೇಜಿನಲ್ಲೋ ಮೇಲ್‌ನಲ್ಲೋ ಬರೆದು ಕೊಡ್ರಿ ಸರ್ ಅಂತ ಕೇಳು. ಬರೆಯೋಕೆ ಅಳುಕೋ ಆದೇಶವನ್ನ ಟೀಮಿಗೆ ದಾಟಿಸಬೇಡ.

ಆದರೆ ನನಗೆ ಅನ್ನಿಸೋದು, ವಸೂಲಿ ದಿನ ನೀತಿ ಹುಡುಕಿದರೆ ತಡವಾಯ್ತು. ಅದು ಸಾಲ ಕೊಡೋ ದಿನವೇ ಇರಬೇಕು. ಅದೇ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಇನ್ನೊಂದು ಮಿತಿ ಐತಿ: ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಶೇ. 50 ದಾಟಬಾರದು. ತಿಂಗಳಿಗೆ 12,000 ಬರೋ ಮನೆಗೆ ಒಟ್ಟು ಕಂತು 6,000 ಮೀರಬಾರದು ಅಂತಾಯ್ತು. ಅಲ್ಲಿ ಈಗಾಗಲೇ 5,000 ಕಂತು ಓಡ್ತಿದ್ದರೆ ನೀನು ಕೊಡಬಹುದಾದ ಸಾಲದ ಕಂತು 1,000ಕ್ಕಿಂತ ಒಳಗೆ. ಹುಡುಗರು ಟಾರ್ಗೆಟ್ ಮುಟ್ಟೋಕೆ ಅರ್ಜಿಯಲ್ಲಿ 12,000 ಇದ್ದದ್ದನ್ನ 20,000 ಅಂತ ಬರೆದರೆ, ಆರು ತಿಂಗಳ ನಂತರದ ಬಾಗಿಲ ಮುಂದಿನ ಜಗಳ ಅಲ್ಲೇ ಶುರುವಾಗಿರ್ತದೆ. ಸಹಿ ಹಾಕೋ ಲೀಡರ್ ನೀನು.

ಇದಕ್ಕೆ ಬೆಲೆ ಐತಿ, ಸುಳ್ಳು ಹೇಳಲ್ಲ. ಒಂದೆರಡು ತಿಂಗಳು ನಿನ್ನ ಟೀಮಿನ ಸಾಲದ ಲೆಕ್ಕ ಕಡಿಮೆ ಕಾಣ್ತದೆ, ಇನ್ಸೆಂಟಿವ್ ಹೋಗ್ತದೆ, ಮೀಟಿಂಗಿನಲ್ಲಿ ಮಾತು ಕೇಳಬೇಕಾಗ್ತದೆ. ಆರು ಮಂದಿಯ ಮನೆಯೂ ಆ ಇನ್ಸೆಂಟಿವ್ ನಂಬಿರ್ತದೆ, ಹಾಗಾಗಿ ನಿರ್ಧಾರ ಒಬ್ಬಳೇ ತಗೊಂಡು ಅವರ ಮೇಲೆ ಹಾಕಬೇಡ. ಕೂರಿಸ್ಕೊಂಡು ಲೆಕ್ಕ ಬಿಡಿಸಿ ತೋರಿಸು. ಅತಿ ಕಷ್ಟದ ಸೆಂಟರ್‌ಗೆ ಮೊದಲ ವಾರ ನೀನೇ ಹೋಗು. ಸಾಲ ತಗೊಂಡವರು ಕೇಳ್ತಿದ್ದರೆ: ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡ್ರಿ. 30 ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡ್ರಿ. ಕಂತು ಕಟ್ಟಿದ ರಸೀದಿಗಳನ್ನ ಹತ್ತಿರ ಇಟ್ಕೊಂಡು ಮಾಡ್ರಿ.