ತಲೆಯ ಮೇಲಿನ ಗಾಜಿಗೆ ಹೊಣೆ ಯಾರು?

ಹೆದ್ದಾರಿಯಲ್ಲಿ ಓಡುತ್ತಿರುವ ಕಾರಿನ ಸನ್‌ರೂಫ್ ಗಾಜು ಗುಂಡು ಹಾರಿದಂಥ ಸದ್ದು ಮಾಡಿ ಒಮ್ಮೆಲೇ ಪುಡಿಯಾಗುತ್ತದೆ. ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಇರುವುದಿಲ್ಲ, ಮೇಲೆ ಮರದ ಕೊಂಬೆ ಇರುವುದಿಲ್ಲ, ಆಲಿಕಲ್ಲು ಬಿದ್ದಿರುವುದಿಲ್ಲ. ಮನೆಯ ಮುಂದೆ ನಿಲ್ಲಿಸಿದ ಕಾರಿನಲ್ಲೂ ಹೀಗಾದದ್ದುಂಟು. ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಹೊರಗಿನಿಂದ ಏನೋ ಬಡಿದಿದೆ, ವಾರಂಟಿಗೆ ಬರುವುದಿಲ್ಲ. ವಿಮೆಯವರ ಬಳಿ ಹೋದರೆ ಪ್ರಶ್ನೆ ತಿರುಗಿ ಬರುತ್ತದೆ: ಹೊರಗಿನಿಂದ ಏನು ಬಡಿಯಿತು, ಎಲ್ಲಿ, ಯಾವಾಗ? ಏನೂ ಬಡಿಯಲಿಲ್ಲ ಎಂದು ಮಾಲೀಕ ನಿಜ ಹೇಳಿದರೆ, ಹಾಗಾದರೆ ಅದು ತಯಾರಿಕೆಯ ದೋಷ, ನಮ್ಮ ಪಾಲಿಸಿಗೆ ಸೇರಿದ್ದಲ್ಲ ಎನ್ನುವ ಅವಕಾಶ ಅವರಿಗಿದೆ. ಹೀಗೆ ವಾರಂಟಿ ಮತ್ತು ವಿಮೆ ಎರಡರ ನಡುವೆ ಒಂದು ಕಂದಕ ಉಳಿದಿದೆ. ಆ ಕಂದಕಕ್ಕೆ ಬೀಳುವವನು ಗಾಜನ್ನು ತಯಾರಿಸಿದವನೂ ಅಲ್ಲ, ಆರಿಸಿದವನೂ ಅಲ್ಲ. ಸನ್‌ರೂಫ್ ಒಡೆಯುವುದನ್ನು ಮಾಲೀಕನ ದುರದೃಷ್ಟ ಎಂದು ಕೈಬಿಡುವುದು ತಪ್ಪು ಎನ್ನುವುದು ನನ್ನ ವಾದ. ಅಲ್ಲಿ ಯಾವ ಬಗೆಯ ಗಾಜು ಕೂರಿಸಬೇಕು ಎಂದು ಯಾರೋ ಮೊದಲೇ ತೀರ್ಮಾನಿಸಿದ್ದಾರೆ, ಒಡೆಯುವ ರೀತಿಯೂ ಆ ತೀರ್ಮಾನದಿಂದಲೇ ಬಂದದ್ದು. ಮುಂದಿನ ಗಾಜಿಗೆ ಕಡ್ಡಾಯ ಮಾಡಿದ ಲ್ಯಾಮಿನೇಟೆಡ್ ಗಾಜನ್ನು ತಲೆಯ ಮೇಲಿನ ಗಾಜಿಗೂ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ, ಒಡೆದದ್ದಕ್ಕೆ ಕಾರಣ ತೋರಿಸುವ ಹೊರೆ ತಯಾರಕರ ಮೇಲಿರಬೇಕು.

ಇದಕ್ಕೆ ಮೊದಲು ಎರಡು ಬಗೆಯ ಗಾಜುಗಳ ಸ್ವಭಾವ ತಿಳಿಯಬೇಕು. ಕಾರಿನ ಪಕ್ಕದ ಕಿಟಕಿಗಳಲ್ಲೂ ಬಹುಪಾಲು ಸನ್‌ರೂಫ್‌ಗಳಲ್ಲೂ ಇರುವುದು ಟಫನ್ಡ್ ಗಾಜು. ಗಾಜಿನ ಹಾಳೆಯನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಬದಿಯಿಂದ ತಣ್ಣನೆಯ ಗಾಳಿಯನ್ನು ರಭಸವಾಗಿ ಹಾಯಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ಆಮೇಲೆ ಕುಗ್ಗಲು ಹೊರಡುತ್ತದೆ. ಇದರಿಂದ ಹೊರಮೈ ಸದಾ ಒತ್ತಡದಲ್ಲಿ, ಒಳಭಾಗ ಸದಾ ಎಳೆತದಲ್ಲಿ ಉಳಿಯುತ್ತದೆ. ಸಾಮಾನ್ಯ ಗಾಜಿಗಿಂತ ಅದು ಹಲವು ಪಟ್ಟು ಬಲವಾಗುವುದು ಈ ಒಳಜಗ್ಗಾಟದಿಂದಲೇ, ಒಡೆದಾಗ ಒಂದೇ ಕ್ಷಣದಲ್ಲಿ ಪೂರ್ತಿ ಪುಡಿಯಾಗುವುದೂ ಅದರಿಂದಲೇ. ಒತ್ತಡದ ಪದರ ಪ್ರತಿ ಬದಿಯಲ್ಲಿ ಗಾಜಿನ ದಪ್ಪದ ಸುಮಾರು ಐದನೇ ಒಂದು ಭಾಗದಷ್ಟಿರುತ್ತದೆ. ಒಂದು ಗೀರು ಅಥವಾ ಅಂಚಿನ ಚಿಕ್ಕ ಚಕ್ಕೆ ಅದನ್ನು ದಾಟಿ ಒಳಗಿನ ಎಳೆತದ ಪದರ ಮುಟ್ಟಿದರೆ ಸಾಕು, ಬಿರುಕು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಹರಿದು ಇಡೀ ಹಾಳೆಯನ್ನು ತುಂಡು ಮಾಡುತ್ತದೆ. ಪೆಟ್ಟು ಬಿದ್ದ ದಿನವೇ ಇದು ಆಗಬೇಕೆಂದಿಲ್ಲ. ಕಾರ್ಖಾನೆಯಲ್ಲಿ ಕೂರಿಸುವಾಗ ಅಂಚಿಗೆ ತಾಗಿದ ಸಣ್ಣ ಗಾಯ ಬಿಸಿಲು, ತೇವ, ಬಾಡಿಯ ಅಲುಗಾಟಗಳಿಂದ ನಿಧಾನವಾಗಿ ಬೆಳೆದು ತಿಂಗಳುಗಳ ಮೇಲೆ ಗುರಿ ಮುಟ್ಟಬಹುದು. ಇನ್ನೊಂದು ಕಾರಣ ಗಾಜಿನೊಳಗೇ ಇರುತ್ತದೆ. ಕರಗಿಸುವಾಗ ಸೇರಿಕೊಳ್ಳುವ ನಿಕಲ್ ಸಲ್ಫೈಡಿನ ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳುಗಳು ಸುಮಾರು 379 ಡಿಗ್ರಿಗಿಂತ ಮೇಲೆ ಒಂದು ರೂಪದಲ್ಲೂ ಕೆಳಗೆ ಇನ್ನೊಂದು ರೂಪದಲ್ಲೂ ಇರುತ್ತವೆ. ಟಫನ್ಡ್ ಗಾಜನ್ನು ದಿಢೀರನೆ ತಣಿಸುವುದರಿಂದ ಹರಳು ಹಳೆಯ ರೂಪದಲ್ಲೇ ಸಿಕ್ಕಿಬಿದ್ದು, ವರ್ಷಗಳ ಮೇಲೂ ನಿಧಾನವಾಗಿ ಬದಲಾಗುತ್ತಾ ಶೇ. 2ರಿಂದ 4ರಷ್ಟು ಹಿಗ್ಗುತ್ತದೆ. ಗಗನಚುಂಬಿ ಕಟ್ಟಡಗಳ ಗಾಜುಗಳು ತಾವಾಗಿ ಒಡೆಯಲು ಇದು ಕಾರಣವೆಂದು ತಿಳಿದೇ, ಯುರೋಪಿನಲ್ಲಿ ಅಂಥ ಗಾಜನ್ನು ಸುಮಾರು 290 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ದೋಷವಿರುವುದು ಕಾರ್ಖಾನೆಯಲ್ಲೇ ಒಡೆಯಲಿ ಎಂಬ ಪರೀಕ್ಷೆಯನ್ನು ರೂಢಿಗೆ ತಂದರು. ತಾನಾಗಿ ಒಡೆಯಿತು ಎಂದು ಹೇಳುವ ಮಾಲೀಕನನ್ನು ಸುಳ್ಳುಗಾರನೆಂದು ನೋಡಲು ಭೌತಶಾಸ್ತ್ರದಲ್ಲಿ ಆಧಾರವಿಲ್ಲ.

ಲ್ಯಾಮಿನೇಟೆಡ್ ಗಾಜು ಬೇರೆಯದೇ ಬಗೆ. ಎರಡು ತೆಳು ಹಾಳೆಗಳ ನಡುವೆ ಜಿಗುಟಾದ ಪ್ಲಾಸ್ಟಿಕ್ ಪದರವನ್ನು ಅಂಟಿಸಿರುತ್ತಾರೆ. ಒಡೆದರೂ ಚೂರುಗಳು ಆ ಪದರಕ್ಕೆ ಕಚ್ಚಿಕೊಂಡು ಜಾಗದಲ್ಲೇ ಉಳಿಯುತ್ತವೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಎದುವಾರ್ ಬೆನೆದಿಕ್ತೂಸ್ ಇದಕ್ಕೆ 1909ರಲ್ಲಿ ಪೇಟೆಂಟ್ ಪಡೆದ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿಯೇ ಇರಬೇಕೆನ್ನುತ್ತದೆ. ಚಾಲಕನ ಮುಖದ ಮೇಲೆ ಗಾಜಿನ ಮಳೆ ಸುರಿಯಬಾರದು, ಡಿಕ್ಕಿಯಾದಾಗ ಒಳಗಿದ್ದವರು ಹೊರಗೆ ಎಸೆಯಲ್ಪಡಬಾರದು ಎಂಬುದೇ ಅದರ ಹಿಂದಿನ ತರ್ಕ. ಅದೇ ಚಾಲಕನ ನೆತ್ತಿಯ ಮೇಲೆ, ಹಿಂದೆ ಕೂತ ಮಗುವಿನ ತೊಡೆಯ ಮೇಲೆ ಸುರಿಯುವ ಗಾಜಿಗೆ ಈ ತರ್ಕ ಏಕೆ ನಿಂತುಹೋಗುತ್ತದೆ? ನಿಯಮ ಬರೆದ ಕಾಲದಲ್ಲಿ ಸನ್‌ರೂಫ್ ಎಂದರೆ ಕೆಲವೇ ದುಬಾರಿ ಕಾರುಗಳ ಮೇಲಿದ್ದ ಸಣ್ಣ ಕಿಂಡಿ. ಈಗ ಪನೋರಮಿಕ್ ಹೆಸರಿನಲ್ಲಿ ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಛಾವಣಿಯೇ ಗಾಜಾಗಿದೆ, ಮಧ್ಯಮ ವರ್ಗದ ಮನೆಯ ಕಾರಿಗೂ ಅದು ಬಂದಿದೆ. ಛಾವಣಿ ಬದಲಾದರೂ ನಿಯಮ ಬದಲಾಗಿಲ್ಲ.

ಇದು ನಮ್ಮಲ್ಲಿ ಮಾತ್ರ ಎದ್ದ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಗೆ ಸಲ್ಲಿಕೆಯಾದ ದೂರುಗಳನ್ನು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2017ರಲ್ಲಿ ಜಾಲಾಡಿದಾಗ, ಸನ್‌ರೂಫ್ ಸಿಡಿದ ಬಗ್ಗೆ ಕನಿಷ್ಠ 859 ದೂರುಗಳು ಸಿಕ್ಕವು. ಅವು 35 ಬ್ರ್ಯಾಂಡುಗಳ 208 ಮಾಡೆಲುಗಳಿಗೆ ಸೇರಿದ್ದವು. ಯಾವುದೋ ಒಂದು ಕಂಪನಿಯ ಕೆಟ್ಟ ಬ್ಯಾಚ್ ಎಂದು ತಳ್ಳಿಹಾಕಲು ಈ ಹರವು ಬಿಡುವುದಿಲ್ಲ. ದಕ್ಷಿಣ ಕೊರಿಯಾದ ವಾಹನ ಪರೀಕ್ಷಾ ಸಂಸ್ಥೆ 2013ರಲ್ಲಿ ಇನ್ನೂ ಆಳಕ್ಕೆ ಹೋಯಿತು. ಸನ್‌ರೂಫಿನ ಅಂಚಿನಲ್ಲಿ ಕಾಣುವ ಕಪ್ಪು ಪಟ್ಟಿ ಸೆರಾಮಿಕ್ ಬಣ್ಣದ್ದು. ಅಂಟನ್ನು ಬಿಸಿಲಿನಿಂದ ಕಾಪಾಡಲು ಅದನ್ನು ಗಾಜಿನ ಮೇಲೆ ಹಚ್ಚಿ ಸುಡುತ್ತಾರೆ. 227 ಗ್ರಾಂ ಉಕ್ಕಿನ ಗುಂಡನ್ನು ಬೀಳಿಸಿ ನೋಡಿದಾಗ, ಬಣ್ಣ ಬಳಿದ ಆ ಭಾಗ ಬರಿಯ ಗಾಜಿನಷ್ಟು ಗಟ್ಟಿಯಾಗಿಲ್ಲ ಎಂದು ಗೊತ್ತಾಯಿತು. ಗುಂಡಿನ ಪರೀಕ್ಷೆ ಇರುವುದು ಬರಿಯ ಗಾಜಿಗೆ, ಬಣ್ಣದ ಭಾಗಕ್ಕಲ್ಲ ಎಂದು ತಯಾರಕರು ವಾದಿಸಿದರು. ಕಾಗದದ ಮೇಲೆ ಆ ವಾದ ನಿಲ್ಲಬಹುದು. ಆದರೆ ಪನೋರಮಿಕ್ ಗಾಜಿನಲ್ಲಿ ಆ ಕಪ್ಪು ಪಟ್ಟಿ ಬಹಳ ಅಗಲ, ರಸ್ತೆಯ ಕಲ್ಲು ಬಣ್ಣ ನೋಡಿ ಬೀಳುವುದಿಲ್ಲ. ಕೊರಿಯಾ ಈ ವಿಷಯವನ್ನು ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆಗೆ ಒಯ್ದಿತು, ಅಲ್ಲಿ ಪನೋರಮಿಕ್ ಗಾಜಿಗೆಂದೇ ಒಂದು ಕಾರ್ಯತಂಡ ರಚನೆಯಾಯಿತು.

ರಸ್ತೆಯಲ್ಲಿರುವ ಲಕ್ಷಾಂತರ ಕಾರುಗಳಲ್ಲಿ ಕೆಲವು ನೂರು ಗಾಜುಗಳು ಒಡೆದರೆ ಇಷ್ಟು ಗದ್ದಲವೇಕೆ ಎನ್ನುವವರಿದ್ದಾರೆ. ಇದು ಅಪರೂಪ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸರ್ಕಾರಿ ಕಚೇರಿಗೆ ದೂರು ಬರೆದವರ ಎಣಿಕೆ ಗಾಜು ಒಡೆದವರ ಎಣಿಕೆಯಲ್ಲ. ಬಹಳ ಮಂದಿ ಕ್ಲೇಮ್ ಮಾಡಿ ಸುಮ್ಮನಾಗುತ್ತಾರೆ, ಇಲ್ಲವೇ ಕೈಯಿಂದ ದುಡ್ಡು ಕೊಟ್ಟು ಮುಗಿಸುತ್ತಾರೆ. ಟಫನ್ಡ್ ಗಾಜಿನ ಹರಳು ಮೊಂಡಾಗಿರುತ್ತದೆ, ಯಾರನ್ನೂ ಕೊಲ್ಲುವುದಿಲ್ಲ ಎಂಬ ಮಾತೂ ಇದೆ. ಹರಳು ಕೊಲ್ಲದಿರಬಹುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಚಾಲಕನ ಕಿವಿಯ ಬಳಿ ಸಿಡಿಮದ್ದಿನ ಸದ್ದಾಗಿ, ಕಣ್ಣಿಗೆ ಗಾಜು ಬಿದ್ದು, ಅವನ ಕೈ ಸ್ಟೀರಿಂಗಿನಿಂದ ಒಂದು ಕ್ಷಣ ತಪ್ಪಿದರೆ ಆಗುವ ಅನಾಹುತ ಹರಳಿನ ಮೊಂಡುತನವನ್ನು ಕೇಳುವುದಿಲ್ಲ. ಕಾರು ಪಲ್ಟಿಯಾದಾಗ ಟಫನ್ಡ್ ಛಾವಣಿ ಪುಡಿಯಾಗಿ ದೊಡ್ಡ ಬಾಯಿ ತೆರೆದುಕೊಳ್ಳುತ್ತದೆ ಎಂಬುದು ಇನ್ನೂ ಗಂಭೀರ ಸಂಗತಿ. ಪ್ರಯಾಣಿಕರು ಹೊರಗೆ ಎಸೆಯಲ್ಪಡುವುದನ್ನು ತಡೆಯಲು ಅಮೆರಿಕ 2011ರಲ್ಲಿ ತಂದ ನಿಯಮ ಪಕ್ಕದ ಕಿಟಕಿಗಳನ್ನು ಮಾತ್ರ ನೋಡಿತು, ಛಾವಣಿಯನ್ನು ಬಿಟ್ಟಿತು. ಸೀಟ್‌ಬೆಲ್ಟ್ ಹಾಕದೆ ಹಿಂದಿನ ಸೀಟಿನಲ್ಲಿ ಕೂರುವ ರೂಢಿ ಇನ್ನೂ ಅಳಿಯದ ನಮ್ಮಲ್ಲಿ ಈ ಬಾಯಿ ಹೆಚ್ಚು ಅಪಾಯದ್ದು. ಮಕ್ಕಳನ್ನು ಸನ್‌ರೂಫಿನಿಂದ ತಲೆ ಹೊರಗಿಟ್ಟು ನಿಲ್ಲಲು ಬಿಡುವವರಿಗೆ ಯಾವ ಬಗೆಯ ಗಾಜೂ ರಕ್ಷಣೆ ಕೊಡಲಾರದು ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಲ್ಯಾಮಿನೇಟೆಡ್ ಗಾಜು ಸುಲಭಕ್ಕೆ ಒಡೆಯುವುದಿಲ್ಲ, ಹಾಗಾದರೆ ಕಾರು ಕೆರೆಗೋ ಕಾಲುವೆಗೋ ಬಿದ್ದಾಗ ಜನ ಹೊರಗೆ ಬರುವುದು ಹೇಗೆ? ಮಂಡ್ಯದ ವಿಶ್ವೇಶ್ವರಯ್ಯ ನಾಲೆಗೆ ಕಾರುಗಳು ಬಿದ್ದ ಸುದ್ದಿ ಓದಿದ ನಮಗೆ ಇದು ಊಹೆಯ ಪ್ರಶ್ನೆಯಲ್ಲ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2019ರಲ್ಲಿ ಗಾಜು ಒಡೆಯುವ ಆರು ಉಪಕರಣಗಳನ್ನು ಪರೀಕ್ಷಿಸಿದಾಗ ನಾಲ್ಕು ಟಫನ್ಡ್ ಗಾಜನ್ನು ಒಡೆದವು, ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ. ಆದ್ದರಿಂದಲೇ ಪಕ್ಕದ ಕಿಟಕಿಗಳಲ್ಲಿ ಕನಿಷ್ಠ ಕೆಲವಾದರೂ ಟಫನ್ಡ್ ಆಗಿಯೇ ಇರಬೇಕು ಎಂದು ನಾನೂ ಹೇಳುತ್ತೇನೆ. ತಪ್ಪಿಸಿಕೊಳ್ಳುವ ದಾರಿ ಪಕ್ಕದಲ್ಲಿರಲಿ. ಕಾರು ಮಗುಚಿ ಬಿದ್ದಾಗ ನೆಲಕ್ಕೆ ಒರಗುವ ಛಾವಣಿಯನ್ನು ತುರ್ತು ಬಾಗಿಲು ಎಂದು ನಂಬಲಾಗದು. ತೂಕ ಮತ್ತು ಖರ್ಚು ಹೆಚ್ಚುತ್ತದೆ ಎಂಬ ತಯಾರಕರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಕೆಲವು ಕಂಪನಿಗಳು ತಮ್ಮ ಗಾಜಿನ ಛಾವಣಿಗಳಿಗೆ ಈಗಾಗಲೇ ಲ್ಯಾಮಿನೇಟೆಡ್ ಬಳಸುತ್ತಿವೆ. ಅದರ ನಡುವಿನ ಪದರ ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಬಹುಪಾಲನ್ನು ತಡೆಯುವುದರಿಂದ ಬಳ್ಳಾರಿ, ಕಲಬುರಗಿಯ ಬಿಸಿಲಿನಲ್ಲಿ ಓಡುವ ಕಾರಿಗೆ ಬೇರೆ ಲಾಭವೂ ಇದೆ.

ನಿಯಮ ಬರುವ ತನಕ ಗಾಜು ಒಡೆದವರು ಏನು ಮಾಡಬೇಕು ಎಂಬ ಪ್ರಶ್ನೆಯೂ ಈ ವಾದದ್ದೇ ಭಾಗ, ಏಕೆಂದರೆ ಮೊದಲ ಅರ್ಧ ಗಂಟೆಯಲ್ಲೇ ಸಾಕ್ಷ್ಯ ಉಳಿಯುತ್ತದೆ ಅಥವಾ ಅಳಿಯುತ್ತದೆ. ಸದ್ದು ಕೇಳಿದೊಡನೆ ಥಟ್ಟನೆ ಬ್ರೇಕ್ ಒತ್ತದೆ, ಇಂಡಿಕೇಟರ್ ಹಾಕಿ ಪಕ್ಕಕ್ಕೆ ತರಬೇಕು. ಒಳಗಿನ ಪರದೆ ಮುಚ್ಚಿದ್ದರೆ ಹಾಗೇ ಬಿಡಬೇಕು, ಏಕೆಂದರೆ ಚೂರುಗಳನ್ನು ತಡೆಹಿಡಿದಿರುವುದು ಅದೇ. ಸನ್‌ರೂಫಿನ ಸ್ವಿಚ್ಚನ್ನು ಮುಟ್ಟಲೇಬಾರದು. ಗಾಜು ಜಾರುವ ಹಳಿಯೊಳಗೆ ಬಿದ್ದ ಹರಳು ಮೋಟಾರನ್ನೂ ಚೌಕಟ್ಟನ್ನೂ ಕೆಡಿಸಿದರೆ ಗಾಜಿನ ಖರ್ಚು ಇಡೀ ಜೋಡಣೆಯ ಖರ್ಚಾಗುತ್ತದೆ. ಗುಡಿಸುವ ಮೊದಲು ಒಳಗಿನಿಂದಲೂ ಹೊರಗಿನಿಂದಲೂ ಫೋಟೊ, ವಿಡಿಯೊ ತೆಗೆಯಬೇಕು. ಅಂಚು ಒಳಗೆ ಬಾಗಿದೆಯೋ ಹೊರಗೆ ಉಬ್ಬಿದೆಯೋ, ಬಿರುಕುಗಳು ಯಾವ ಬಿಂದುವಿನಿಂದ ಹರಡಿವೆ ಎಂಬುದು ಅದರಲ್ಲಿ ಕಾಣಬೇಕು. ಕಲ್ಲು ಬಡಿದ ಜಾಗದಲ್ಲಿ ನುಜ್ಜಾದ ಗುರುತು ಸಿಗಬಹುದು. ನಿಕಲ್ ಸಲ್ಫೈಡಿನಿಂದ ಒಡೆದದ್ದಾದರೆ ಮೂಲದಲ್ಲಿ ಚಿಟ್ಟೆಯ ರೆಕ್ಕೆಯಂತೆ ಅಂಟಿಕೊಂಡ ಎರಡು ದೊಡ್ಡ ಚೂರುಗಳು ಇರುತ್ತವೆ. ಅವನ್ನೂ, ಗಾಜಿನ ಮೂಲೆಯಲ್ಲಿ ತಯಾರಕರ ಮುದ್ರೆ ಇರುವ ಚೂರನ್ನೂ ಡಬ್ಬಿಯಲ್ಲಿ ಎತ್ತಿಡಬೇಕು. ಡ್ಯಾಶ್‌ಕ್ಯಾಮ್ ಇದ್ದರೆ ಆ ರೆಕಾರ್ಡಿಂಗ್ ಅಳಿಯದಂತೆ ಉಳಿಸಿಕೊಳ್ಳಬೇಕು. ಇಷ್ಟಾದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಟೇಪನ್ನು ಹಳಿಗಲ್ಲ, ಬಾಡಿಗೆ ಅಂಟಿಸಬೇಕು.

ವಿಮೆಯ ಲೆಕ್ಕ ಜನ ಎಣಿಸಿದಷ್ಟು ಕೆಟ್ಟದ್ದಲ್ಲ. ನಮ್ಮ ಮೋಟಾರು ವಿಮೆಯಲ್ಲಿ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಕಡಿತವಿದೆ. 1,500 ಸಿಸಿವರೆಗಿನ ಕಾರಿಗೆ ₹1,000, ಅದಕ್ಕೂ ದೊಡ್ಡದಕ್ಕೆ ₹2,000 ಮಾಲೀಕನೇ ಕೊಡಬೇಕು. ನಿಜವಾದ ನಷ್ಟ ಬೀಳುವುದು ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಮೇಲೆ. ಅದು ಶೇ. 20ರಿಂದ 50ರವರೆಗೆ ಬೆಳೆಯುವುದರಿಂದ, ಕ್ಲೇಮ್ ಮಾಡುವ ಮೊದಲು ಗಾಜಿನ ಬೆಲೆಯನ್ನೂ ಕಳೆದುಕೊಳ್ಳುವ ಬೋನಸ್ಸನ್ನೂ ತೂಗಿ ನೋಡಬೇಕು. ಕ್ಲೇಮ್ ಅರ್ಜಿಯಲ್ಲಿ ಕಾಣದ ಕಲ್ಲನ್ನು ಕಂಡೆ ಎಂದು ಬರೆಯುವ ಸಲಹೆ ಕೌಂಟರಿನಲ್ಲೇ ಸಿಗುವುದುಂಟು. ಆ ಸುಳ್ಳಿನಿಂದ ಪಾಲಿಸಿಯೇ ಅಪಾಯಕ್ಕೆ ಸಿಲುಕುತ್ತದೆ, ತಯಾರಕರಿಗೂ ಸುಲಭದ ಬಿಡುಗಡೆ ಸಿಗುತ್ತದೆ. ಆದದ್ದನ್ನು ಆದ ಹಾಗೇ ಬರೆಯುವುದು ಸರಿ. ವಾರಂಟಿ ನಿರಾಕರಿಸಿದರೆ ಅದನ್ನು ಬಾಯಿಮಾತಿನಲ್ಲಿ ಒಪ್ಪದೆ, ಪೆಟ್ಟಿನ ಗುರುತು ಎಲ್ಲಿದೆ ಎಂದು ತೋರಿಸುವ ಲಿಖಿತ ಉತ್ತರ ಕೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವುಳ್ಳ ಸರಕಿಗೆ ತಯಾರಕರನ್ನು ಹೊಣೆ ಮಾಡುತ್ತದೆ, ಸರಕನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವನ್ನು ಜಿಲ್ಲಾ ಆಯೋಗಕ್ಕೆ ಕೊಟ್ಟಿದೆ. ಸರಕಿಗೆ ಕೊಟ್ಟ ಬೆಲೆ ₹5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಎತ್ತಿಟ್ಟ ಚೂರುಗಳಿಗೆ ಅಲ್ಲಿ ಬೆಲೆ ಬರುತ್ತದೆ. ವಿಮೆಯವರ ನಿರಾಕರಣೆಯ ವಿರುದ್ಧ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು.

ಹೊಸ ಗಾಜು ಕೂರಿಸುವ ಕೆಲಸವನ್ನೂ ಅವಸರದಲ್ಲಿ ಮುಗಿಸಬಾರದು. ಸನ್‌ರೂಫಿನ ನಾಲ್ಕು ಮೂಲೆಗಳಿಂದ ಕಂಬಗಳೊಳಗೆ ಇಳಿಯುವ ನೀರಿನ ಕೊಳವೆಗಳಿರುತ್ತವೆ. ಗಾಜಿನ ಹರಳು ಅವುಗಳಲ್ಲಿ ಕೂತರೆ ಮೊದಲ ಮಳೆಗೇ ನೀರು ಸೀಟಿಗೂ ವೈರಿಂಗಿಗೂ ಇಳಿಯುತ್ತದೆ. ಮಲೆನಾಡು, ಕರಾವಳಿಯ ಮಳೆಯಲ್ಲಿ ಕಾರು ಓಡಿಸುವವರು ಡೆಲಿವರಿಗೆ ಮೊದಲು ನೀರು ಸುರಿದು ತೋರಿಸಿ ಎಂದು ಕೇಳಬೇಕು. ಸ್ಥಿರ ಗಾಜನ್ನು ಅಂಟಿನಿಂದ ಕೂರಿಸುವುದರಿಂದ ಅದು ಗಟ್ಟಿಯಾಗುವವರೆಗೆ ಕಾರನ್ನು ಹೆದ್ದಾರಿಗೆ ಒಯ್ಯಬಾರದು. ಚಲಿಸುವ ಗಾಜಾದರೆ, ಕೈ ಸಿಕ್ಕಾಗ ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಮತ್ತೆ ಹೊಂದಿಸಿದ್ದಾರೆಯೇ ಎಂದು ನೋಡಬೇಕು. ಒಳಗೆ ಸುರಕ್ಷತಾ ಫಿಲ್ಮ್ ಅಂಟಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಫಿಲ್ಮ್ ಹರಳುಗಳನ್ನು ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ, ಆದರೆ ಚೌಕಟ್ಟಿಗೆ ಬಿಗಿಯಾಗದ ಹಾಳೆ ಚೂರುಗಳ ಸಮೇತ ಜೋತುಬೀಳಬಹುದು. ಅದು ತಾತ್ಕಾಲಿಕ ಉಪಾಯ, ಅದರ ಖರ್ಚನ್ನೂ ಮಾಲೀಕನೇ ಹೊರುತ್ತಾನೆ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಮಾರಾಟವಾದ ವಾಹನಗಳ ಎಣಿಕೆಗೆ ತಕ್ಕಷ್ಟು ದೂರುಗಳು ಬಂದರೆ ಆ ಅಧಿಕಾರ ಚಲಾಯಿಸುವ ನಿಯಮ 2021ರಿಂದ ಜಾರಿಯಲ್ಲಿದೆ, ದೂರು ದಾಖಲಿಸಲು ಪೋರ್ಟಲ್ ಇದೆ. ಗಾಜು ತಾನಾಗಿ ಒಡೆದ ಪ್ರತಿಯೊಬ್ಬ ಮಾಲೀಕನೂ ಕ್ಲೇಮ್ ಸಿಕ್ಕಿದ ಮೇಲೂ ಅಲ್ಲಿ ದೂರು ಬರೆಯಬೇಕು, ಫೋಟೊ ಸೇರಿಸಬೇಕು. ಈಗ ಆ ಮಾಹಿತಿ ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲೂ ವಿಮೆಯವರ ಕಡತದಲ್ಲೂ ಬೇರೆ ಬೇರೆಯಾಗಿ ಬಿದ್ದಿದೆ. ಸಾರಿಗೆ ಸಚಿವಾಲಯ ಅದನ್ನು ಮಾಡೆಲುವಾರು ಒಂದೆಡೆ ತರಿಸಿ ಪ್ರಕಟಿಸಬೇಕು. 100ನೇ ನಿಯಮದಲ್ಲಿ ಮುಂದಿನ ಗಾಜಿನ ಜೊತೆಗೆ ಛಾವಣಿಯ ಗಾಜನ್ನೂ ಸೇರಿಸಿ, ಹೊಸ ಮಾಡೆಲುಗಳಿಗೆ ಒಂದು ಗಡುವು ಕೊಡಬೇಕು. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ, ಸುರಕ್ಷತೆಗೆ ತಕ್ಕಂತೆ ಕಾರುಗಳಿಗೆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ತನ್ನ ವರದಿಯಲ್ಲಿ ಛಾವಣಿಯ ಗಾಜು ಯಾವ ಬಗೆಯದು ಎಂದು ಒಂದು ಸಾಲು ಸೇರಿಸಿದರೂ, ಕಾರು ಕೊಳ್ಳುವವರು ಬುಕಿಂಗ್ ಮಾಡುವ ಮೊದಲೇ ಆ ಪ್ರಶ್ನೆ ಕೇಳಲು ಶುರುಮಾಡುತ್ತಾರೆ.