ಪರಊರಿನಲ್ಲಿ ಕಾಯಿಲೆ ಬಂದರೆ ಯಾರ ಮಾತು ಕೇಳಬೇಕು? ಕುರಕುಂಭದಂಥ ಕಡೆ ದುಡಿಯುವ ಕನ್ನಡಿಗರಿಗೆ ಇಲ್ಲಿದೆ ಮಾಹಿತಿ

ಪುಣೆ–ಸೋಲಾಪುರ ಹೆದ್ದಾರಿಯಲ್ಲಿ, ಪುಣೆಯಿಂದ ಸುಮಾರು 80 ಕಿ.ಮೀ. ದೂರದಲ್ಲಿರುವ ಊರು ಕುರಕುಂಭ. ದೌಂಡ್ ತಾಲೂಕಿಗೆ ಸೇರಿದ ಈ ಊರಿನಲ್ಲಿ ಫಿರಂಗಾಯಿ ದೇವಿಯ ಗುಡಿ ಇದೆ. ಆದರೆ ಇಂದು ಹೊರಗಿನವರಿಗೆ ಈ ಊರಿನ ಪರಿಚಯ ಹೆಚ್ಚಾಗಿ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಿಂದ. ಹತ್ತಿರದ ದೌಂಡ್ ಜಂಕ್ಷನ್‌ನಲ್ಲಿ ರೈಲು ಹತ್ತಿದರೆ ಸೋಲಾಪುರ ದಾಟಿ ಕಲಬುರಗಿ ತಲುಪಬಹುದು. ಕಲಬುರಗಿ, ವಿಜಯಪುರ, ಬೀದರ್ ಕಡೆಯ ಜನ ಪುಣೆ ಜಿಲ್ಲೆಗೆ ದುಡಿಯಲು ಹೋಗುವುದು ಇಂದು ನಿನ್ನೆಯ ಮಾತಲ್ಲ.

ಸ್ವಂತ ಊರಿನಲ್ಲಿ ಮೈ ಹುಷಾರಿಲ್ಲ ಎಂದರೆ ಕೇಳಲು ಮನೆಯ ಹಿರಿಯರಿರುತ್ತಾರೆ, ಆಶಾ ಕಾರ್ಯಕರ್ತೆ ಇರುತ್ತಾರೆ. ಪರಊರಿನಲ್ಲಿ ಭಾಷೆ ಮರಾಠಿ, ಆಸ್ಪತ್ರೆ ಹೊಸದು, ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಆಗ ಸಲಹೆ ಸಿಗುವುದು ಪಕ್ಕದ ಕೋಣೆಯವರಿಂದ, ಜೊತೆಗೆ ದುಡಿಯುವವರಿಂದ, ಮೆಡಿಕಲ್ ಅಂಗಡಿಯಿಂದ, ಇಲ್ಲವೇ ಮೊಬೈಲ್‌ಗೆ ಬರುವ ವಿಡಿಯೋದಿಂದ. ಹಾಗೆ ಕೇಳುವುದು ತಪ್ಪಲ್ಲ. ಆದರೆ ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಎಂಬುದು ಗೊತ್ತಿರಬೇಕು. ಇಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆಯೂ ಜೀವಕ್ಕೆ ಕುತ್ತು ತರಬಹುದು.

ಅನುಭವ ಬೇರೆ, ಔಷಧ ಬೇರೆ

ಇದಕ್ಕೆ ಕ್ಷಯರೋಗ ಅಂದರೆ ಟಿಬಿ ಒಳ್ಳೆಯ ಉದಾಹರಣೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆ ಶುರುವಾದ ಕೂಡಲೇ ಮೂತ್ರದ ಬಣ್ಣ ಕಿತ್ತಳೆ–ಕೆಂಪಾಗುತ್ತದೆ. ಮೊದಲ ಬಾರಿ ನೋಡಿದವರು ರಕ್ತ ಹೋಗುತ್ತಿದೆ ಎಂದು ಗಾಬರಿಯಾಗಿ ಮಾತ್ರೆ ಬಿಟ್ಟುಬಿಡುವುದುಂಟು. ಆಗ ಈ ಚಿಕಿತ್ಸೆ ಮುಗಿಸಿ ಗುಣವಾದವರೊಬ್ಬರು 'ಹೆದರಬೇಡ, ನನಗೂ ಹೀಗೇ ಆಗಿತ್ತು, ಮಾತ್ರೆ ಬಿಡಬೇಡ' ಎಂದು ಹೇಳಿದರೆ ಅದಕ್ಕಿಂತ ಒಳ್ಳೆಯ ಸಲಹೆ ಇನ್ನೊಂದಿಲ್ಲ. ಸರ್ಕಾರವೂ ಈ ಅನುಭವದ ಬೆಲೆ ಅರಿತಿದೆ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಗುಣವಾದವರಿಗೆ ತರಬೇತಿ ಕೊಟ್ಟು 'ಟಿಬಿ ಚಾಂಪಿಯನ್'ಗಳನ್ನಾಗಿ ಮಾಡಲಾಗುತ್ತಿದೆ.

ಅದೇ ವ್ಯಕ್ತಿ 'ಎರಡು ತಿಂಗಳಿಗೆ ನನ್ನ ಕೆಮ್ಮು ನಿಂತಿತ್ತು, ಅಲ್ಲಿಗೇ ಮಾತ್ರೆ ಬಿಟ್ಟೆ, ನೀನೂ ಬಿಡು' ಎಂದರೆ ಅದು ಅಪಾಯದ ಸಲಹೆ. ಸಾಮಾನ್ಯ ಟಿಬಿಗೆ ಚಿಕಿತ್ಸೆ 6 ತಿಂಗಳು. ಮೊದಲ 2 ತಿಂಗಳಲ್ಲೇ ಹೆಚ್ಚಿನವರಿಗೆ ಆರಾಮ ಎನಿಸುತ್ತದೆ, ಆದರೆ ರೋಗಾಣು ಪೂರ್ತಿ ಸತ್ತಿರುವುದಿಲ್ಲ. ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಆಗಬಹುದು. ಹಾಗೆಯೇ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಯಾರ ಅನುಭವವನ್ನೂ ಕೇಳುತ್ತ ಕೂರದೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಅದು ಯಕೃತ್ತಿಗೆ ತೊಂದರೆಯಾದ ಲಕ್ಷಣವಾಗಿರಬಹುದು.

ಆಸ್ಪತ್ರೆ ಎಲ್ಲಿದೆ, ಯಾವ ಕಾಗದ ಬೇಕು, ಮಾತ್ರೆ ನುಂಗಿದಾಗ ಹೇಗೆನಿಸುತ್ತದೆ, ಮನೆಯವರು ಹೇಗೆ ನೋಡಿಕೊಂಡರು ಎಂಬುದನ್ನು ಅನುಭವ ಇದ್ದವರನ್ನು ಕೇಳಿ. ಯಾವ ಮಾತ್ರೆ, ಎಷ್ಟು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬುದನ್ನು ಮಾತ್ರ ವೈದ್ಯರನ್ನೇ ಕೇಳಿ.

ಊರಿಗೆ ಹೊರಟರೆ ಚಿಕಿತ್ಸೆ ನಿಲ್ಲಬೇಕಿಲ್ಲ

ಹಬ್ಬ, ಜಾತ್ರೆ, ಬಿತ್ತನೆ ಎಂದು ಊರಿಗೆ ಹೋದಾಗ ಚಿಕಿತ್ಸೆ ತಪ್ಪುವ ಸಾಧ್ಯತೆ ಹೆಚ್ಚು. ಟಿಬಿ ರೋಗಿಯ ಹೆಸರು 'ನಿಕ್ಷಯ್' ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ದಾಖಲಾಗಿ ಒಂದು ಸಂಖ್ಯೆ ಸಿಗುತ್ತದೆ. ದೌಂಡ್‌ನಲ್ಲಿ ಶುರುವಾದ ಚಿಕಿತ್ಸೆಯನ್ನು ಕಲಬುರಗಿಯಲ್ಲಿ ಉಚಿತವಾಗಿ ಮುಂದುವರಿಸಬಹುದು. ಹೊರಡುವ ಮೊದಲೇ ಆರೋಗ್ಯ ಕೇಂದ್ರದಲ್ಲಿ ತಿಳಿಸಿ, ಆ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸಾಕು. ಮಾಹಿತಿಗೆ ಉಚಿತ ಸಹಾಯವಾಣಿ 1800-11-6666.

ಟಿಬಿಯಲ್ಲಿ ಊಟವೂ ಚಿಕಿತ್ಸೆಯ ಭಾಗ. ಜಾರ್ಖಂಡ್‌ನಲ್ಲಿ ನಡೆದ 'ರೇಷನ್ಸ್' ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ಪೌಷ್ಟಿಕ ಆಹಾರ ಕೊಟ್ಟಾಗ ಅವರಿಗೆ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಮೊದಲ 2 ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವಿನ ಪ್ರಮಾಣವೂ ಕಡಿಮೆ ಇತ್ತು. ಇದೇ ಕಾರಣಕ್ಕೆ ರೋಗಿಯ ಊಟದ ಖರ್ಚಿಗೆಂದು ಕೇಂದ್ರ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಡಿ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ. 2018ರಲ್ಲಿ ತಿಂಗಳಿಗೆ 500 ರೂ. ಇದ್ದ ಮೊತ್ತ ನವೆಂಬರ್ 2024ರಿಂದ 1,000 ರೂ. ಆಗಿದೆ.

'ಮಾತ್ರೆ ತಿಂದರೆ ಕಿಡ್ನಿ ಹೋಗುತ್ತೆ' ನಿಜವೇ?

ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವವರು ಪದೇ ಪದೇ ಕೇಳುವ ಮಾತಿದು. ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇವರಲ್ಲಿ ಕಿಡ್ನಿ ಹಾಳಾಗಲು ಮುಖ್ಯ ಕಾರಣ ವೈದ್ಯರು ಬರೆದ ಮಾತ್ರೆಯಲ್ಲ, ಹತೋಟಿಯಲ್ಲಿಲ್ಲದ ಸಕ್ಕರೆ ಮತ್ತು ಬಿಪಿ. ಮಾತ್ರೆ ಬಿಟ್ಟರೆ ಅಪಾಯ ಹೆಚ್ಚುತ್ತದೆ.

ಕಿಡ್ನಿಗೆ ನಿಜವಾಗಿ ಹಾನಿ ಮಾಡಬಲ್ಲ ಮಾತ್ರೆಗಳ ಬಗ್ಗೆ ಮಾತ್ರ ಯಾರೂ ಎಚ್ಚರಿಸುವುದಿಲ್ಲ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಆ ಗುಂಪಿಗೆ ಸೇರಿವೆ. ಬಿಸಿಲಿನಲ್ಲಿ, ಬಾಯ್ಲರ್ ಪಕ್ಕದಲ್ಲಿ ಬೆವರು ಸುರಿಸಿ, ನೀರು ಸಾಕಷ್ಟು ಕುಡಿಯದೆ ಇವನ್ನು ದಿನವೂ ತೆಗೆದುಕೊಂಡರೆ ಅಪಾಯ ಇನ್ನೂ ಹೆಚ್ಚು. ಹೆಸರೇ ಇಲ್ಲದ ಪುಡಿ, ಗುಳಿಗೆ ಒಂದೇ ದಿನದಲ್ಲಿ ಮಂಡಿ ನೋವು ಮಾಯ ಮಾಡಿದರೆ ಖುಷಿಪಡುವ ಬದಲು ಅನುಮಾನಪಡಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹಲವು ಬಾರಿ ಪತ್ತೆಯಾಗಿದೆ.

ಗಿಡಮೂಲಿಕೆಗೂ ಮಿತಿ ಇದೆ

'ಗಿಡದ ಔಷಧಿ ತಾನೇ, ಏನೂ ಆಗಲ್ಲ' ಎಂಬುದೂ ಪೂರ್ತಿ ನಿಜವಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಯಲ್ಲೂ ಕುದಿಯಿತು. 2020ರ ಸೆಪ್ಟೆಂಬರ್–ಡಿಸೆಂಬರ್ ನಡುವೆ ಅಮೃತಬಳ್ಳಿ ಸೇವಿಸಿದ್ದ 6 ಮಂದಿಯಲ್ಲಿ ಯಕೃತ್ತಿನ ತೊಂದರೆ ಕಂಡುಬಂದುದನ್ನು ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಈ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಕುಡಿಯುತ್ತಿರುವ ಕಷಾಯದ ಬಗ್ಗೆ ವೈದ್ಯರಿಗೆ ಮುಚ್ಚಿಡಬಾರದು ಎಂಬುದಂತೂ ಸ್ಪಷ್ಟ. ಇನ್ನು, ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅಂಥ ಜಾಹೀರಾತು ಕಂಡರೆ ಅಲ್ಲಿಗೇ ದೂರವಿಡಿ.

ಊಟದ ಬಗ್ಗೆ ಯಾರನ್ನು ಕೇಳಬೇಕು?

ಈ ವಿಷಯದಲ್ಲಿ ಅಜ್ಜಿಯ ಮಾತು ಬಹುಮಟ್ಟಿಗೆ ಸರಿ. ಜೋಳದ ರೊಟ್ಟಿ, ಬೇಳೆ, ಕಾಳು ಪಲ್ಯ, ಶೇಂಗಾ ಚಟ್ನಿ, ಸೊಪ್ಪು, ಮೊಸರು ಇರುವ ಊಟ ಯಾವ ಡಬ್ಬಿಯ ಪ್ರೋಟೀನ್ ಪುಡಿಗೂ ಕಡಿಮೆಯಿಲ್ಲ. ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಮೇ 2024ರಲ್ಲಿ ಹೊರತಂದ 17 ಆಹಾರ ಮಾರ್ಗಸೂಚಿಗಳು ಪ್ರೋಟೀನ್ ಪುಡಿಯಿಂದ ದೂರವಿರಿ ಎಂದೇ ಹೇಳುತ್ತವೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳದಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಬರುತ್ತದೆ.

ರಕ್ತಹೀನತೆ ಇರುವವರಿಗೆ ಇನ್ನೊಂದು ಮಾತು. 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ದೇಶದಾದ್ಯಂತ ಶೇ. 57 ಮಂದಿಗೆ ರಕ್ತಹೀನತೆ ಇದೆ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಆದರೆ ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇದ್ದವರು ಅಥವಾ ಗರ್ಭಿಣಿಯರು ಪಥ್ಯ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿರಬಹುದು.

ಕರ್ನಾಟಕದ ಪಡಿತರ ಚೀಟಿ ಇದ್ದವರು 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಡಿ ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಮಹಾರಾಷ್ಟ್ರದ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಗರ್ಭಿಣಿಯರು, ಪುಟ್ಟ ಮಕ್ಕಳಿದ್ದರೆ ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಿ.

ಕಾರ್ಖಾನೆಯ ಕೆಲಸದ ಬಗ್ಗೆ ವೈದ್ಯರಿಗೆ ಹೇಳಿ

ಕೆಮ್ಮು, ಚರ್ಮದ ತುರಿಕೆ, ತಲೆಸುತ್ತು ಎಂದು ಹೋದವರು ತಾವು ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಮಾಡುವುದನ್ನೇ ಹೇಳದಿದ್ದರೆ ವೈದ್ಯರಿಗೆ ಕಾರಣ ಹೊಳೆಯುವುದು ಕಷ್ಟ. ಯಾವ ವಿಭಾಗ, ಯಾವ ರಾಸಾಯನಿಕ, ರಜೆಯಲ್ಲಿ ತೊಂದರೆ ಕಡಿಮೆಯಾಗುತ್ತದೆಯೇ ಎಂಬುದನ್ನು ಹೇಳಿ. ಡ್ರಮ್ ಮೇಲಿನ ಹೆಸರಿನ ಫೋಟೋ ಇದ್ದರೂ ಸಾಕು. ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಅಪಾಯಕಾರಿ ಕಾರ್ಖಾನೆಗಳ ಕಾರ್ಮಿಕರಿಗೆ ತಮ್ಮ ಆರೋಗ್ಯ ದಾಖಲೆ ನೋಡುವ ಅವಕಾಶ ಕೊಟ್ಟಿದ್ದು ಇದೇ ಕಾರಣಕ್ಕೆ.

ಕನ್ನಡದಲ್ಲೇ ಕೇಳಬೇಕೆಂದರೆ?

ಮನಸ್ಸಿಗೆ ಬೇಸರ, ನಿದ್ದೆ ಬಾರದಿರುವುದು, ಕುಡಿತ ಬಿಡಲಾಗದಿರುವುದು ಮುಂತಾದ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಕ್ಟೋಬರ್ 2022ರಲ್ಲಿ ಶುರುವಾದ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡವೂ ಇದೆ. ಕೇಂದ್ರದ ಇ–ಸಂಜೀವಿನಿ ಸೇವೆಯಲ್ಲಿ ಮೊಬೈಲ್ ಮೂಲಕ ಉಚಿತವಾಗಿ ವೈದ್ಯರ ಜೊತೆ ಮಾತನಾಡಬಹುದು. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿದರೆ ಯಾವ ಸಲಹೆಗೂ ಕಾಯದೆ 108ಕ್ಕೆ ಕರೆ ಮಾಡಿ.

ತಿಂಗಳಿಗೆ 21,000 ರೂ. ವರೆಗೆ ವೇತನ ಇರುವ, ಇಎಸ್‌ಐ ವ್ಯಾಪ್ತಿಗೆ ಬರುವ ಕಾರ್ಮಿಕರಿಗೆ ಮತ್ತು ಅವರನ್ನು ಅವಲಂಬಿಸಿದ ಮನೆಯವರಿಗೆ ಚಿಕಿತ್ಸೆ ಸಿಗುತ್ತದೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ನೋಡಿಕೊಳ್ಳಿ. ಆಯುಷ್ಮಾನ್ ಭಾರತ್ ಯೋಜನೆಗೆ ಅರ್ಹರಾದವರು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ದಾಖಲಾಗಬಹುದು.

ಸಲಹೆ ಬಂದಾಗ ಈ 3 ಪ್ರಶ್ನೆ ಕೇಳಿ

1. ಹೇಳುತ್ತಿರುವವರು ತಮಗಾದ ಅನುಭವ ಹೇಳುತ್ತಿದ್ದಾರೆಯೇ, ಕೇಳಿದ್ದನ್ನು ಹೇಳುತ್ತಿದ್ದಾರೆಯೇ?
2. ಈ ಸಲಹೆಯಿಂದ ಅವರಿಗೆ ಏನಾದರೂ ಮಾರಾಟದ ಲಾಭ ಇದೆಯೇ?
3. ಇದನ್ನು ಪಾಲಿಸಿದರೆ ಈಗ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಕೇ?

ಮೂರನೆಯದಕ್ಕೆ 'ಹೌದು' ಎಂಬ ಉತ್ತರ ಬಂದರೆ, ಹೇಳಿದವರು ಎಷ್ಟೇ ಆಪ್ತರಾಗಿರಲಿ, ಮಾತ್ರೆಯ ಪಟ್ಟಿ ಮತ್ತು ಹಳೆಯ ಚೀಟಿಗಳನ್ನು ಹಿಡಿದು ಮೊದಲು ವೈದ್ಯರ ಬಳಿ ಹೋಗಿ. ಭಾಷೆ ಬಾರದಿದ್ದರೆ ಮರಾಠಿ ಬಲ್ಲ ಗೆಳೆಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಪಕ್ಕದ ಕೋಣೆಯವರಿಂದ ಸಿಗಬಹುದಾದ ದೊಡ್ಡ ಸಹಾಯ ಅದೇ.