ಕಹಿ ಸುದ್ದಿಯ ಪತ್ರ: ಮೃದುವಾಗಬೇಕಾದುದು ಎಲ್ಲಿ?

ವ್ಯವಹಾರದಲ್ಲಿ ಬರೆಯಬೇಕಾಗಿ ಬರುವ ಪತ್ರಗಳಲ್ಲಿ ‘ಇಲ್ಲ’ ಎನ್ನುವ ಪತ್ರದಷ್ಟು ಕಠಿಣವಾದುದು ಮತ್ತೊಂದಿಲ್ಲ. ಸಾಲ ಮಂಜೂರಾಗಿಲ್ಲ, ಉದ್ಯೋಗಕ್ಕೆ ಆಯ್ಕೆಯಾಗಿಲ್ಲ, ಗುತ್ತಿಗೆ ಮುಂದುವರಿಯುವುದಿಲ್ಲ, ಬರುವ ತಿಂಗಳಿನಿಂದ ಕೆಲಸವಿಲ್ಲ. ಇಂತಹ ಒಂದು ವಾಕ್ಯ ಬರೆಯಲು ಕುಳಿತ ಅಧಿಕಾರಿ ಮೊದಲು ಪೀಠಿಕೆಗಾಗಿ ತಡಕಾಡುತ್ತಾನೆ. ಪತ್ರ ಪಡೆದವನಾದರೋ ಪೀಠಿಕೆಯನ್ನು ಹಾರಿಸಿ ಕೆಳಗೆ ಕಣ್ಣಾಡಿಸುತ್ತಾನೆ. ಅವನಿಗೆ ಬೇಕಾದುದು ಆ ಒಂದೇ ವಾಕ್ಯ.

ಕಹಿಯನ್ನು ಮುಖಕ್ಕೆ ಹೊಡೆದಂತೆ ಹೇಳಬಾರದೆಂಬ ಸಂಸ್ಕಾರ ಕನ್ನಡಿಗರಿಗೆ ಹೊಸತಲ್ಲ. ದೀಪ ಆರಿತು ಎನ್ನದೆ ‘ಶಾಂತವಾಯಿತು’ ಎನ್ನುವುದುಂಟು. ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಸತ್ತರು ಎನ್ನಲು ಬಾಯಿ ಬಾರದ ಕಡೆ ‘ತೀರಿಕೊಂಡರು’ ಎಂಬ ಮಾತಿದೆ. ಆದರೆ ಈ ಮಾತುಗಳ ಅರ್ಥ ಹೇಳುವವರಿಗೂ ಕೇಳುವವರಿಗೂ ಒಂದೇ. ತೀರಿಕೊಂಡರು ಎಂದ ಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಕಚೇರಿಯ ನಯದ ಮಾತಿಗೆ ಈ ಗುಣವಿಲ್ಲ. ‘ಸಿಬ್ಬಂದಿಯ ಮರುಹೊಂದಾಣಿಕೆ’ ಎಂದು ಬರೆದರೆ ಅದು ವರ್ಗಾವಣೆಯೋ, ಬಡ್ತಿಯೋ, ವಜಾವೋ ತಿಳಿಯದು.

ವಾಣಿಜ್ಯ ಪತ್ರವ್ಯವಹಾರದ ಪಠ್ಯಪುಸ್ತಕಗಳು ಇದಕ್ಕೊಂದು ಸೂತ್ರವನ್ನು ಬಹುಕಾಲದಿಂದ ಬೋಧಿಸುತ್ತ ಬಂದಿವೆ. ಮೊದಲು ಆಘಾತವನ್ನು ತಡೆಯುವ ಒಂದು ಮೆತ್ತನೆಯ ಮಾತು, ಆಮೇಲೆ ಕಾರಣ, ನಂತರ ಸುದ್ದಿ, ಕೊನೆಗೆ ಸದ್ಭಾವನೆಯ ಮುಕ್ತಾಯ. ಕೇಳಲು ಸೊಗಸಾಗಿದೆ. ಆದರೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕಿಟ್ಟಿ ಲಾಕರ್ ಅವರು ಈ ಸೂತ್ರವನ್ನು ಪ್ರಯೋಗಕ್ಕೆ ಒಡ್ಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಸಾಲ ಹಾಗೂ ಉನ್ನತ ವ್ಯಾಸಂಗದ ಪ್ರವೇಶವನ್ನು ನಿರಾಕರಿಸುವ ಮಾದರಿ ಪತ್ರಗಳನ್ನು ಅವರು ವಿದ್ಯಾರ್ಥಿಗಳಿಗೆ ಓದಲು ಕೊಟ್ಟಿದ್ದರು. ಆರಂಭದ ಮೆತ್ತನೆಯ ಮಾತಿನಿಂದ ಓದುಗರ ಪ್ರತಿಕ್ರಿಯೆಯಲ್ಲಿ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ನಿರಾಕರಣೆ ಅನಿರೀಕ್ಷಿತವಲ್ಲದಿದ್ದಾಗ, ಬೇರೆ ದಾರಿಗಳು ತೆರೆದಿದ್ದಾಗ ಮಾತ್ರ ಅದರ ಪೆಟ್ಟು ಕಡಿಮೆಯಾಗಿತ್ತು.

ಪೀಠಿಕೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ 2014ರ ಜುಲೈ 17ರ ಒಂದು ಪತ್ರ ಸಾಕ್ಷಿ. ನೋಕಿಯಾದ ಮೊಬೈಲ್ ವಿಭಾಗವನ್ನು ಮೈಕ್ರೋಸಾಫ್ಟ್ ಆಗಷ್ಟೇ ಕೊಂಡಿತ್ತು. ನೋಕಿಯಾದ ಮುಖ್ಯಸ್ಥರಾಗಿದ್ದು, ಮೈಕ್ರೋಸಾಫ್ಟಿನಲ್ಲಿ ಸಾಧನಗಳ ವಿಭಾಗವನ್ನು ವಹಿಸಿಕೊಂಡಿದ್ದ ಸ್ಟೀಫನ್ ಇಲಾಪ್ ತಮ್ಮ ನೌಕರರಿಗೆ ಸಾವಿರಕ್ಕೂ ಹೆಚ್ಚು ಪದಗಳ ಪತ್ರ ಬರೆದರು. ಅದು ಆರಂಭವಾದದ್ದೇ ‘ಹಲೋ ದೇರ್’ ಎಂಬ ಬೀದಿಯಲ್ಲಿ ಸಿಕ್ಕವರಿಗೆ ಹೇಳುವಂತಹ ಸಂಬೋಧನೆಯಿಂದ. ಆಮೇಲೆ ಸಂಸ್ಥೆಯ ಧೋರಣೆ, ದುಬಾರಿ ಹಾಗೂ ಅಗ್ಗದ ಫೋನುಗಳ ಯೋಜನೆ, ತಂತ್ರಾಂಶದ ಮಹತ್ವ. ಹೀಗೆ ಪ್ಯಾರಾದ ಮೇಲೆ ಪ್ಯಾರಾ ಸಾಗಿದ ನಂತರವೇ ಸುಮಾರು 12,500 ಮಂದಿಯ ಕೆಲಸ ಹೋಗಲಿದೆ ಎಂಬ ಸಂಗತಿ ಬಂತು. ಸುದ್ದಿಗಿಂತ ಹೆಚ್ಚಾಗಿ ಪತ್ರವೇ ಜಗತ್ತಿನಾದ್ಯಂತ ಟೀಕೆಗೆ ಗುರಿಯಾಯಿತು. ಅಂದೇ ಸಂಸ್ಥೆಯ ಮುಖ್ಯಾಧಿಕಾರಿ, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಕಳುಹಿಸಿದ ಪತ್ರವೂ ಪರಿಭಾಷೆಯಿಂದ ಮುಕ್ತವಾಗಿರಲಿಲ್ಲ. ಆದರೆ ಒಟ್ಟು 18,000ದವರೆಗೆ ಹುದ್ದೆಗಳು ಕಡಿತಗೊಳ್ಳುವುದನ್ನು ಅವರು ಆರಂಭದಲ್ಲೇ ತಿಳಿಸಿದ್ದರು.

ಕೋವಿಡ್ ಕಾಲದಲ್ಲಿ, 2020ರ ಮೇ 5ರಂದು, ವಸತಿ ಬಾಡಿಗೆ ಸಂಸ್ಥೆ ಏರ್‌ಬಿಎನ್‌ಬಿಯ ಬ್ರಯಾನ್ ಚೆಸ್ಕಿ ಬರೆದ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅದೂ ದೀರ್ಘ ಪತ್ರವೇ. 7,500 ನೌಕರರಲ್ಲಿ ಸುಮಾರು 1,900 ಮಂದಿ ಹೊರಹೋಗಬೇಕಾಗಿತ್ತು. ಆದರೆ ಉದ್ದವೆಲ್ಲ ಖರ್ಚಾದದ್ದು ಓದುಗನ ಪ್ರಶ್ನೆಗಳಿಗೆ ಉತ್ತರಿಸಲು. ನಿರ್ಧಾರ ಹೇಗಾಯಿತು, ತನ್ನ ಹೆಸರಿದೆಯೇ ಎಂಬುದು ಯಾವಾಗ ತಿಳಿಯುತ್ತದೆ, ಕೊನೆಯ ದಿನ ಯಾವುದು, ಕೈಗೆ ಎಷ್ಟು ಹಣ ಬರುತ್ತದೆ ಎಂಬುದೆಲ್ಲ ಅಲ್ಲಿತ್ತು. ಅಮೆರಿಕದ ನೌಕರರಿಗೆ 14 ವಾರಗಳ ಮೂಲ ವೇತನ, ಸೇವೆಯ ಪ್ರತಿ ವರ್ಷಕ್ಕೆ ಇನ್ನೊಂದು ವಾರದ ವೇತನ, 12 ತಿಂಗಳ ಆರೋಗ್ಯ ವಿಮೆ. ಲ್ಯಾಪ್‌ಟಾಪ್ ಹಿಂದಿರುಗಿಸಬೇಕಿಲ್ಲ ಎಂಬುದನ್ನೂ ಬರೆದಿದ್ದರು. ಇದು ನಿಮ್ಮ ತಪ್ಪಲ್ಲ ಎಂಬ ಮಾತೂ ಇತ್ತು. ಅಂಕಿಗಳ ಜೊತೆಗಿದ್ದುದರಿಂದಲೇ ಆ ಮಾತಿಗೆ ತೂಕ ಬಂತು. ಕೆಲಸ ಕಳೆದುಕೊಂಡವರ ಕಷ್ಟ ಇದರಿಂದ ತಪ್ಪಿತೆಂದಲ್ಲ. ಊಹಾಪೋಹದ ಕಷ್ಟವಾದರೂ ತಪ್ಪಿತು.

ಕನ್ನಡದ ಕಚೇರಿ ಪತ್ರಗಳ ತೊಡಕು ಸ್ವಲ್ಪ ಬೇರೆ ತೆರನಾದುದು. ಇಲ್ಲಿ ಪೀಠಿಕೆಗಿಂತ ಹೆಚ್ಚು ಕಾಡುವುದು ಕರ್ತೃವಿಲ್ಲದ ಕ್ರಿಯಾಪದ. ‘ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಪ್ರಸ್ತುತ ನಿಯಮಾವಳಿಗಳನ್ವಯ ಸದರಿ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲವೆಂದು ತಿಳಿಸಲು ವಿಷಾದಿಸಲಾಗಿದೆ’ ಎಂಬಂತಹ ವಾಕ್ಯ ಎಲ್ಲರಿಗೂ ಪರಿಚಿತ. ಪರಿಶೀಲಿಸಿದವರು ಯಾರು? ಯಾವ ನಿಯಮ? ವಿಷಾದವನ್ನೂ ಯಾರೋ ಬೇರೆಯವರಿಂದ ಮಾಡಿಸಿದಂತಿದೆ. ಇದನ್ನೇ ‘ನೀವು ಕೇಳಿದ ಸಾಲವನ್ನು ನಾವು ಮಂಜೂರು ಮಾಡಿಲ್ಲ. ಅಂಗಡಿಯ ಕಳೆದ ಎರಡು ವರ್ಷಗಳ ಲೆಕ್ಕಪತ್ರ ಅರ್ಜಿಯ ಜೊತೆ ಇರಲಿಲ್ಲ. ಅವನ್ನು ಒದಗಿಸಿದರೆ ಅರ್ಜಿಯನ್ನು ಮತ್ತೆ ಪರಿಶೀಲಿಸುತ್ತೇವೆ’ ಎಂದು ಬರೆಯಬಹುದು. ಎರಡನೆಯದರಲ್ಲಿ ಸೌಜನ್ಯದ ಪದವೊಂದೂ ಇಲ್ಲ. ಆದರೂ ಅದೇ ಹೆಚ್ಚು ಸೌಜನ್ಯದ್ದು. ಅಂಗಡಿಯವನು ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದು ಅದರಲ್ಲಿದೆ.

ಕಾರಣ ಕೊಡುವುದು ಬರೆಯುವವರ ಔದಾರ್ಯವೇನೂ ಅಲ್ಲ. ಸಣ್ಣ ಸಾಲಗಾರರ ಅರ್ಜಿ ತಿರಸ್ಕರಿಸಿದಾಗ ಮುಖ್ಯ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 25-ಎಫ್ ಕಲಮು, ಕನಿಷ್ಠ ಒಂದು ವರ್ಷ ನಿರಂತರವಾಗಿ ದುಡಿದ ಕಾರ್ಮಿಕನನ್ನು ಕಡಿತಗೊಳಿಸುವಾಗ ಕಾರಣ ಸಹಿತವಾದ ಒಂದು ತಿಂಗಳ ಲಿಖಿತ ಸೂಚನೆ ಅಥವಾ ಅದರ ಬದಲು ವೇತನ ಕೊಡಬೇಕೆಂದು ವಿಧಿಸಿತು. ಅದರ ಸ್ಥಾನಕ್ಕೆಂದು ರೂಪಿಸಲಾದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಅಂಶವನ್ನು ಉಳಿಸಿಕೊಂಡಿದೆ.

ಹಾಗೆಂದು ಮೊದಲ ಪದದಿಂದಲೇ ಬಡಿಯಬೇಕೆಂದೇನೂ ಇಲ್ಲ. ಯಾವ ವಿಷಯದ ಪತ್ರವೆಂದು ತಿಳಿಸುವ ಒಂದು ವಾಕ್ಯ, ಬೇಕಾದರೆ ಕಾರಣದ ಇನ್ನೊಂದು ವಾಕ್ಯ ಮುಂದಿರಬಹುದು. ಇರಕೂಡದ್ದು ಹುಸಿ ಭರವಸೆ. ‘ಮುಂದೆ ಅವಕಾಶ ಬಂದಾಗ ಖಂಡಿತ ಸಂಪರ್ಕಿಸುತ್ತೇವೆ’ ಎಂಬ ವಾಕ್ಯವನ್ನು ನಂಬಿ ಬೇರೆಡೆ ಅರ್ಜಿ ಹಾಕದೆ ಕಾಯುವವರಿದ್ದಾರೆ. ‘ಈ ನಿರ್ಧಾರದಿಂದ ನಮಗೂ ಅಷ್ಟೇ ನೋವಾಗಿದೆ’ ಎಂಬ ಮಾತನ್ನೂ ಬಿಡುವುದು ಲೇಸು. ಸಂಬಳ ನಿಂತವನಿಗೂ ನಿಲ್ಲಿಸಿದವನಿಗೂ ನೋವು ಒಂದೇ ಅಲ್ಲ. ಕ್ಷಮೆ ಕೇಳುವುದಾದರೆ ಒಮ್ಮೆ ಕೇಳಿದರೆ ಸಾಕು.

‘ಇಲ್ಲ’ ಎನ್ನುವ ಪತ್ರದಲ್ಲಿ ಏನಿರಬೇಕೆಂಬುದನ್ನು ಶಾಸನವೇ ಬರೆದಿಟ್ಟ ಉದಾಹರಣೆಯೂ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯ 7(8)ನೇ ಕಲಮಿನ ಪ್ರಕಾರ, ಅರ್ಜಿಯನ್ನು ತಿರಸ್ಕರಿಸುವ ಅಧಿಕಾರಿ ತಿರಸ್ಕಾರದ ಕಾರಣ, ಮೇಲ್ಮನವಿ ಸಲ್ಲಿಸಬಹುದಾದ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಇವಿಷ್ಟನ್ನೂ ಅರ್ಜಿದಾರನಿಗೆ ತಿಳಿಸಬೇಕು. ಮೊದಲ ಮೇಲ್ಮನವಿಗೆ ಇರುವುದು 30 ದಿನಗಳು. ಬ್ಯಾಂಕು, ಕಾರ್ಖಾನೆ, ವರ್ತಕರು ಯಾರೇ ಆಗಲಿ, ತಮ್ಮ ಪತ್ರವನ್ನು ಲಕೋಟೆಗೆ ಹಾಕುವ ಮುನ್ನ ಈ ಮೂರು ಸಂಗತಿಗಳು ಅದರಲ್ಲಿವೆಯೇ, ವಿಚಾರಿಸಲು ಒಬ್ಬ ವ್ಯಕ್ತಿಯ ಹೆಸರು, ದೂರವಾಣಿ ಸಂಖ್ಯೆ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಬಹುದು.